ಶಕ್ತಿನಗರದ ಲೆಕ್ಕ, ಮಾನ್ವಿಯ ಮೋಟಾರು

ರಾಯಚೂರಿನಿಂದ ಉತ್ತರಕ್ಕೆ ಹೊರಟು ಕೃಷ್ಣಾನದಿಯ ಸೇತುವೆಯತ್ತ ಸಾಗುವ ಪಥಿಕನಿಗೆ, ಸೂಗೂರೇಶ್ವರನ ಕ್ಷೇತ್ರವಾದ ದೇವಸೂಗೂರನ್ನು ಸೇರುವುದಕ್ಕೆ ಬಹು ಮುಂಚಿತವಾಗಿಯೇ ಗೋಚರಿಸತಕ್ಕವು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಉನ್ನತವಾದ ಚಿಮಣಿಗಳು. 1985ರಲ್ಲಿ ಮೊದಲನೆಯ ಘಟಕದೊಡನೆ ಕಾರ್ಯಾರಂಭ ಮಾಡಿ, 2010ರಲ್ಲಿ ಎಂಟನೆಯದನ್ನು ಪಡೆದ ಈ ಸ್ಥಾವರದಲ್ಲಿ 210 ಮೆಗಾವ್ಯಾಟಿನ ಏಳು ಘಟಕಗಳೂ 250 ಮೆಗಾವ್ಯಾಟಿನ ಒಂದು ಘಟಕವೂ ಇದ್ದು, ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಇಷ್ಟು ದೊಡ್ಡ ಸಂಖ್ಯೆಯನ್ನು ಹುಟ್ಟಿಸುವ ಲೆಕ್ಕವೂ, ರಾಯಚೂರು ಜಿಲ್ಲೆಯ ಮಾನ್ವಿಯ ರೈತನ ಪಂಪ್‌ಸೆಟ್ಟು ಏಕೆ ಸುಟ್ಟಿತೆಂಬುದನ್ನು ತಿಳಿಸುವ ಲೆಕ್ಕವೂ ಮೂಲತಃ ಒಂದೇ. ಅದು ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾರಿಗಾದರೂ ಎಟುಕತಕ್ಕುದೆಂಬುದು ನನ್ನ ದೃಢವಾದ ನಂಬಿಕೆ.

ವಿದ್ಯುತ್ತಿನಲ್ಲಿ ನಾವು ಮೀಟರು ಹಿಡಿದು ಸುಲಭವಾಗಿ ಅಳೆಯಬಲ್ಲವು ಎರಡು: ವೋಲ್ಟುಗಳಲ್ಲಿ ಹೇಳುವ ಒತ್ತಡ, ಆಂಪೇರುಗಳಲ್ಲಿ ಹೇಳುವ ಪ್ರವಾಹ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ವಿದ್ಯುತ್ತು ಹರಿಯುವ ಉಪಕರಣದ ರೋಧವು ಓಮ್‌ಗಳಲ್ಲಿ ಲಭಿಸುವುದು; ಎರಡನ್ನೂ ಗುಣಿಸಿದರೆ ಅದು ಬಳಸುವ ಸಾಮರ್ಥ್ಯವು ವ್ಯಾಟುಗಳಲ್ಲಿ ಲಭಿಸುವುದು. ಜರ್ಮನಿಯ ಕಲೋನ್ ನಗರದಲ್ಲಿ ಉಪಾಧ್ಯಾಯನಾಗಿದ್ದ ಗೇಆರ್ಗ್ ಓಮನು, ಅಂದಿನ ಬ್ಯಾಟರಿಗಳ ಒತ್ತಡ ಸ್ಥಿರವಾಗಿ ನಿಲ್ಲದಿದ್ದುದರಿಂದ, ಎರಡು ಲೋಹಗಳ ಎರಡು ಬೆಸುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಸ್ಥಿರವಾದ ವಿದ್ಯುತ್ತನ್ನು ಪಡೆದು, ಬಹು ತಾಳ್ಮೆಯಿಂದ ಈ ಸಂಬಂಧವನ್ನು ಕಂಡುಕೊಂಡು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

230 ವೋಲ್ಟಿನ ಮನೆಯಲ್ಲಿ ಒಂದು ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯು ಸುಮಾರು 4.35 ಆಂಪೇರ್ ಪ್ರವಾಹವನ್ನು ಎಳೆದುಕೊಳ್ಳುವುದು. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್. ಸಂಜೆಯ ಹೊತ್ತು ಒತ್ತಡವು 180 ವೋಲ್ಟಿಗೆ ಇಳಿಯಿತೆನ್ನೋಣ. ಪೆಟ್ಟಿಗೆಯ ರೋಧವು ಬದಲಾಗದು. ಆದುದರಿಂದ ಪ್ರವಾಹವೇ 3.4 ಆಂಪೇರಿಗೆ ಇಳಿದು, ಸಾಮರ್ಥ್ಯವು 612 ವ್ಯಾಟಿನಷ್ಟಾಗುವುದು. ಒತ್ತಡ ಕುಂದಿದುದು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಕಾವು ಕುಂದಿದುದಾದರೋ ಐದರಲ್ಲಿ ಎರಡು ಪಾಲು.

ಈಗ ಶಕ್ತಿನಗರಕ್ಕೆ ಬರೋಣ. 210 ಮೆಗಾವ್ಯಾಟಿನ ಜನರೇಟರು 15,750 ವೋಲ್ಟಿನಲ್ಲಿ ಸುಮಾರು 9,000 ಆಂಪೇರ್ ಪ್ರವಾಹವನ್ನು ಹೊರಡಿಸುವುದು. ಮೂರು ಫೇಸಿನ ವಿದ್ಯುತ್ತಾದುದರಿಂದ ಇವೆರಡರ ಗುಣಲಬ್ಧವನ್ನು 1.732ರಿಂದಲೂ, ಪ್ರವಾಹವು ಒತ್ತಡದೊಡನೆ ಪೂರ್ಣವಾಗಿ ಹೆಜ್ಜೆಗೂಡದಿರುವ ಕಾರಣ 0.85 ಎಂಬ ಪವರ್ ಫ್ಯಾಕ್ಟರಿನಿಂದಲೂ ಗುಣಿಸತಕ್ಕುದು. ಹಾಗೆ ಗುಣಿಸಿದೊಡನೆ ಆ 210 ಮೆಗಾವ್ಯಾಟ್ ಪ್ರತ್ಯಕ್ಷವಾಗುವುದು. ಆದರೆ 9,000 ಆಂಪೇರುಗಳನ್ನು ಹಾಗೆಯೇ ತಂತಿಯಲ್ಲಿ ದೂರದ ಊರಿಗೆ ಕಳುಹಿಸುವುದು ಅಸಾಧ್ಯ. ಏಕೆಂದರೆ ತಂತಿಯಲ್ಲಿ ಕಾವಾಗಿ ವ್ಯರ್ಥವಾಗುವ ಸಾಮರ್ಥ್ಯವು ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿದಷ್ಟು. ಇದನ್ನು 1841ರಲ್ಲಿ ತೋರಿಸಿದವನು ಇಂಗ್ಲೆಂಡಿನ ಜೌಲನು. ಟ್ರಾನ್ಸ್‌ಫಾರ್ಮರಿನಿಂದ ಒತ್ತಡವನ್ನು 400 ಕಿಲೋವೋಲ್ಟಿಗೆ ಏರಿಸಿದಾಗ ಅದೇ ಸಾಮರ್ಥ್ಯಕ್ಕೆ 360 ಆಂಪೇರಿನಷ್ಟೇ ಸಾಕು. ಪ್ರವಾಹವು ಇಪ್ಪತ್ತೈದರಲ್ಲಿ ಒಂದು ಪಾಲಾದರೆ, ಅದೇ ತಂತಿಯಲ್ಲಿ ನಷ್ಟವು ಆರುನೂರ ಇಪ್ಪತ್ತೈದರಲ್ಲಿ ಒಂದು ಪಾಲಾಗುವುದು. 2013ರ ಡಿಸೆಂಬರ್ 31ರಂದು ದಕ್ಷಿಣ ಭಾರತದ ವಿದ್ಯುಜ್ಜಾಲವನ್ನು ದೇಶದ ಉಳಿದ ಜಾಲದೊಡನೆ ಬೆಸೆದ ರಾಯಚೂರು–ಸೊಲ್ಲಾಪುರ ಮಾರ್ಗವು 765 ಕಿಲೋವೋಲ್ಟಿನದಾಗಿರುವುದಕ್ಕೂ ಈ ಗಣಿತವೇ ಕಾರಣ.

ಇದೇ ನಿಯಮವು ಹಳ್ಳಿಯ ಲೈನಿನಲ್ಲಿ ವಿರುದ್ಧವಾದ ಮುಖವನ್ನು ತೋರಿಸುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಕಷ್ಟವನ್ನು ಮಾನ್ವಿಯ ಕಡೆಯವರಿಗೆ ವಿವರಿಸಬೇಕಾದುದಿಲ್ಲ. ಮೇಲಿನವರು ಎತ್ತಿಕೊಂಡಷ್ಟೂ ಕೆಳಗಿನವನಿಗೆ ನೀರು ಕಡಿಮೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮೋಟಾರಿನ ಗತಿಯೂ ಅದೇ. ಆದರೆ ಇಲ್ಲಿ ದಾರಿಯಲ್ಲಿ ಕಳೆದುಹೋಗುವುದು ಪ್ರವಾಹವಲ್ಲ, ಒತ್ತಡ. ಹೋಗಿ ಬರುವ ತಂತಿಯ ರೋಧವು ಒಂದು ಓಮ್ ಆಗಿದ್ದಲ್ಲಿ, 10 ಆಂಪೇರ್ ಹರಿದಾಗ 10 ವೋಲ್ಟೂ 100 ವ್ಯಾಟೂ ತಂತಿಯ ಪಾಲಾಗುವುವು. 30 ಆಂಪೇರ್ ಹರಿದಾಗ 30 ವೋಲ್ಟೂ 900 ವ್ಯಾಟೂ.

ಇಸ್ತ್ರಿ ಪೆಟ್ಟಿಗೆಯಂತೆ ಮೋಟಾರು ಕಡಿಮೆ ಒತ್ತಡಕ್ಕೆ ಕಡಿಮೆ ಪ್ರವಾಹವನ್ನು ಎಳೆದು ಸುಮ್ಮನಾಗುವುದಿಲ್ಲ. ಎತ್ತಬೇಕಾದ ನೀರು ಅಷ್ಟೇ ಇರುವಾಗ, ಒತ್ತಡದ ಕೊರತೆಯನ್ನು ಅದು ಹೆಚ್ಚಿನ ಪ್ರವಾಹದಿಂದ ತುಂಬಿಕೊಳ್ಳಲು ಯತ್ನಿಸುವುದು. ಮೂರು ಫೇಸಿನ 415 ವೋಲ್ಟಿನಲ್ಲಿ 7.5 ಆಂಪೇರ್ ಎಳೆಯುತ್ತಿದ್ದ ಐದು ಎಚ್‌.ಪಿ. ಮೋಟಾರು 330 ವೋಲ್ಟಿನಲ್ಲಿ ಸುಮಾರು 9.4 ಆಂಪೇರ್ ಎಳೆಯುವುದು. ಸುರುಳಿಯ ಕಾವು ಒಂದೂವರೆ ಪಾಲಿಗೂ ಮೀರುವುದು. ಕರೆಂಟು ಬಂದಾಗಲೇ ಪೈರಿಗೆ ನೀರುಣಿಸಬೇಕಾದ ರೈತನು ಮೋಟಾರನ್ನು ನಿಲ್ಲಿಸಲಾರನು. ತಂತಿಯ ಮೇಲಣ ವಾರ್ನಿಷು ಕರಗಿ, ಸುತ್ತುಗಳು ಒಂದಕ್ಕೊಂದು ತಗುಲಿ, ಕಾಯಿಲು ಸುಡುವುದು. ಟಾಂಗ್ ಟೆಸ್ಟರೊಂದನ್ನು ತಂತಿಗೆ ಹಿಡಿದು ಆಂಪೇರನ್ನು ನೋಡಿ, ಅದು ಮೋಟಾರಿನ ಫಲಕದಲ್ಲಿ ಬರೆದುದಕ್ಕಿಂತ ಮೀರಿದ್ದರೆ ತಕ್ಷಣ ಆರಿಸುವ ಅಭ್ಯಾಸವನ್ನು ಪ್ರತಿ ಹಳ್ಳಿಯಲ್ಲಿಯೂ ಕಲಿಸತಕ್ಕುದೆಂದು ನಾನು ಬಲವಾಗಿ ಹೇಳುವೆನು.

ರಿವೈಂಡಿಂಗ್ ಆಗಿ ಬಂದ ಮೋಟಾರನ್ನು ಪರೀಕ್ಷಿಸುವುದಕ್ಕೂ ಒತ್ತಡವನ್ನು ಪ್ರವಾಹದಿಂದ ಭಾಗಿಸುವ ಲೆಕ್ಕವೇ ಸಾಧನ. ಮನೆಯ ವಿದ್ಯುತ್ತು ಇದಕ್ಕೆ ಒಗ್ಗದು. ಅದರ ಪ್ರವಾಹ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ತಂತಿಯ ರೋಧದ ಜೊತೆಗೆ ಸುರುಳಿಯ ಕಾಂತೀಯ ಪ್ರತಿರೋಧವೂ ಸೇರಿಕೊಳ್ಳುವುದು. ಆದುದರಿಂದ 12 ವೋಲ್ಟಿನ ಬ್ಯಾಟರಿಯನ್ನು, ಮೀಟರನ್ನು ನಡುವೆ ಸೇರಿಸಿ, ಮೂರು ಕಾಯಿಲುಗಳಿಗೂ ಒಂದೊಂದಾಗಿ ಕ್ಷಣಮಾತ್ರ ತಾಗಿಸಬೇಕು. ಎರಡು ಕಾಯಿಲುಗಳಲ್ಲಿ 3 ಆಂಪೇರ್ ಕಂಡು ಮೂರನೆಯದರಲ್ಲಿ 4 ಕಂಡರೆ, ಮೊದಲೆರಡರ ರೋಧ 4 ಓಮ್, ಮೂರನೆಯದರದು 3 ಓಮ್ ಎಂದಾಯಿತು. ಆ ಕಾಯಿಲಿನಲ್ಲಿ ಕೆಲವು ಸುತ್ತುಗಳು ಕಡಿಮೆಯಾಗಿವೆ, ಇಲ್ಲವೆ ಒಳಗೇ ತಗುಲಿಕೊಂಡಿವೆ. ಅದನ್ನು ಬಿಚ್ಚಿ ಮತ್ತೆ ಸುತ್ತಿಸದೆ ಮೋಟಾರನ್ನು ಬಾವಿಗೆ ಇಳಿಸಬಾರದು.