6 ರೂಪಾಯಿ 78 ಪೈಸೆಯ ಊಟ

ಹೊನ್ನಾವರ ದಾಟಿ ಕುಮಟಾ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುತ್ತೆ ಕರ್ಕಿ. ಪಕ್ಕದಲ್ಲಿ ಸಮುದ್ರ, ಸುತ್ತ ತೆಂಗು. ಈ ಕರಾವಳಿಯಲ್ಲಿ ಹಿತ್ತಲು ಅಂದರೆ ಬಸಳೆ ಚಪ್ಪರ, ಹರಿವೆ, ನುಗ್ಗೆ. ಇಂಥ ಊರಿನ ಮಕ್ಕಳಿಗೂ ಪೌಷ್ಟಿಕತೆಯ ಚಿಂತೆಯಾ ಅಂತ ನೀವು ಕೇಳಬಹುದು. ಪ್ರಶ್ನೆ ಇರೋದು ಹಿತ್ತಲಲ್ಲಿ ಏನಿದೆ ಅಂತ ಅಲ್ಲ. ಮಧ್ಯಾಹ್ನ ಶಾಲೆಯ ತಟ್ಟೆಗೆ ಏನು ಬೀಳುತ್ತೆ ಅನ್ನೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಮಕ್ಕಳಿಗೆ ಅಕ್ಕಿ ಹಂಚಿ ಕೈತೊಳೆದುಕೊಳ್ಳಬೇಡಿ, ಬೇಯಿಸಿದ ಊಟ ಕೊಡಿ ಅಂತ. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಆಗಿನ ಪ್ರಶ್ನೆ ಹಸಿವಿನದು. ಈಗಿನ ಪ್ರಶ್ನೆ ಬೇರೆ. ಹೊಟ್ಟೆ ತುಂಬುತ್ತಿದೆ, ಸರಿ. ಮೈಗೆ ಹತ್ತುತ್ತಿದೆಯಾ?

ನಿಯಮ ಏನು ಹೇಳುತ್ತೆ ನೋಡಿ. ಐದನೇ ತರಗತಿವರೆಗಿನ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್. ಕಾಗದದ ಮೇಲೆ ಒಳ್ಳೆಯ ಊಟವೇ. ಬೇಳೆ ಯಾಕೆ ಮುಖ್ಯ ಗೊತ್ತಾ? ಅನ್ನದ ಪ್ರೊಟೀನ್‌ನಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ, ಬೇಳೆಯಲ್ಲಿ ಅದು ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಸಾಂಬಾರು ನೀರಾಯಿತು ಅಂದರೆ ಹೋಗೋದು ರುಚಿ ಮಾತ್ರ ಅಲ್ಲ, ಮಗುವಿನ ಬೆಳವಣಿಗೆ.

ಈಗ ದುಡ್ಡಿನ ಲೆಕ್ಕ. ಅಕ್ಕಿ ಬಿಟ್ಟು ಉಳಿದದ್ದಕ್ಕೆಲ್ಲ 2025ರ ಮೇ ತಿಂಗಳಿಂದ ಕೇಂದ್ರ ನಿಗದಿ ಮಾಡಿರೋದು ಮಗುವಿಗೆ 6 ರೂಪಾಯಿ 78 ಪೈಸೆ. ಬೇಳೆ ಕಿಲೋಗೆ 120 ಅಂತ ಇಟ್ಟುಕೊಳ್ಳಿ, 20 ಗ್ರಾಂಗೆ 2 ರೂಪಾಯಿ 40 ಪೈಸೆ. ತರಕಾರಿ ಕಿಲೋಗೆ 40 ಆದರೆ 2 ರೂಪಾಯಿ. ಎಣ್ಣೆಗೆ ಮುಕ್ಕಾಲು ರೂಪಾಯಿ. ಉಳಿದ 1 ರೂಪಾಯಿ 63 ಪೈಸೆಯಲ್ಲಿ ಉಪ್ಪು, ಖಾರ, ಗ್ಯಾಸ್. ಮಳೆಗಾಲದಲ್ಲಿ ತರಕಾರಿ 80 ರೂಪಾಯಿ ಮುಟ್ಟಿತು ಅನ್ನಿ, ಒಲೆ ಹಚ್ಚೋ ಮೊದಲೇ ಲೆಕ್ಕ 7 ರೂಪಾಯಿ ದಾಟುತ್ತೆ! ಆಗ ಕಮ್ಮಿಯಾಗೋದು ಅಕ್ಕಿ ಅಲ್ಲ. ತರಕಾರಿ, ಬೇಳೆ.

ಮೊಟ್ಟೆಯದೂ ಇದೇ ಕಥೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ದೊಡ್ಡ ಹೆಜ್ಜೆ, ಒಪ್ಪೋಣ. ಆದರೆ ಒಂದಕ್ಕೆ ಇಟ್ಟಿದ್ದು 6 ರೂಪಾಯಿ. ಅದರಲ್ಲಿ ಕೊಳ್ಳೋದಕ್ಕೆ 5, ಉಳಿದದ್ದು ಬೇಯಿಸಲು, ಸುಲಿಯಲು, ಸಾಗಿಸಲು. ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ ಆದ ವಾರ, ನೂರು ಮಕ್ಕಳ ಶಾಲೆಗೆ 1,200 ರೂಪಾಯಿ ಖೋತಾ. ಯಾರು ತುಂಬಬೇಕು? ಮುಖ್ಯ ಶಿಕ್ಷಕರ ಜೇಬಾ?

ಹಾಗಾಗಿ ಮೊದಲು ಆಗಬೇಕಿರೋದು ಇದು: ದರ ಮಾರುಕಟ್ಟೆಯ ಜೊತೆ ಏರಬೇಕು. ಅದು ಸರ್ಕಾರದ ಕೆಲಸ, ದಾನಿಗಳದ್ದಲ್ಲ.

ಎರಡನೆಯದು ಊರಿನ ಕೆಲಸ. ಶಾಲಾ ಕೈತೋಟಕ್ಕೆ ಯೋಜನೆಯಲ್ಲೇ ಅವಕಾಶ ಇದೆ. ಕರಾವಳಿಯಲ್ಲಿ ಬಸಳೆಗೂ ನುಗ್ಗೆಗೂ ಬಂಡವಾಳ ಬೇಕಾ? ಒಂದು ಬಳ್ಳಿ ನೆಟ್ಟರೆ ಸಾಕು. ಸೊಪ್ಪನ್ನು ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು. ಬೇಯಿಸಿದ ನೀರು ಚೆಲ್ಲಬಾರದು. ಬಡಿಸುವಾಗ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತೆ. ಇದನ್ನೆಲ್ಲ ಮಾಡಬೇಕಾದವರು ತಿಂಗಳಿಗೆ ಐದು ಸಾವಿರವೂ ಮುಟ್ಟದ ಗೌರವಧನಕ್ಕೆ ದುಡಿಯುವ ಬಿಸಿಯೂಟದ ತಾಯಂದಿರು. ಅವರನ್ನು ಮರೆತು ಪೌಷ್ಟಿಕತೆ ಮಾತಾಡಬೇಡಿ.

ಮೂರನೆಯದು ನಿಮ್ಮ ಕೆಲಸ. ಒಂದು ಮಧ್ಯಾಹ್ನ ಶಾಲೆಗೆ ಹೋಗಿ. ಭಾಷಣ ಬೇಡ, ಜಗಳ ಬೇಡ. ಮಕ್ಕಳ ಜೊತೆ ಕೂತು ಊಟ ಮಾಡಿ. ಸಾಂಬಾರಿನ ಪಾತ್ರೆಗೆ ಸೌಟು ಹಾಕಿ ತಳದಿಂದ ಎತ್ತಿ. ಬೇಳೆ ಬಂತಾ, ಬರೀ ನೀರು ಬಂತಾ? ಉತ್ತರ ಆ ಸೌಟಿನಲ್ಲೇ ಇದೆ.