ಗಾಳಿಯ ಲೆಕ್ಕ ತಪ್ಪಿದಾಗ

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿನ ಕಾಲದಲ್ಲಿ ಮೆಕ್ಯಾನಿಕ್ ಕಾರ್ಬೊರೇಟರಿನ ಸ್ಕ್ರೂ ತುಸು ತಿರುವಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಗಾಳಿ–ಪೆಟ್ರೋಲಿನ ಹದ ಹಿಡಿಯುತ್ತಿದ್ದ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷ ತುಂಬಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಈಗ ಆ ಹದ ನೋಡುವುದು ಕಂಪ್ಯೂಟರ್. ಹೆಚ್ಚಿನ ಡೀಸೆಲ್ ಕಾರುಗಳಲ್ಲಿ, ಕೆಲವು ಪೆಟ್ರೋಲ್ ಕಾರುಗಳಲ್ಲಿ ಅದಕ್ಕೆ ಗಾಳಿಯ ಲೆಕ್ಕ ಒಪ್ಪಿಸುವುದು ಏರ್ ಫಿಲ್ಟರಿನ ಹಿಂದೆಯೇ ಕೂತ ಏರ್‌ಫ್ಲೋ ಸೆನ್ಸರ್.

ಅದರೊಳಗೆ ವಿದ್ಯುತ್ತಿನಿಂದ ಕಾಯಿಸಿದ ಸಣ್ಣ ತಂತಿ ಅಥವಾ ತೆಳು ಪದರವಿರುತ್ತದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತೋ ಅದರಿಂದ ಗಾಳಿಯ ತೂಕ ತಿಳಿಯುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಹಾಗಾಗಿ ಈ ತೂಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಮುಂಬಯಿಯಲ್ಲಿ ಅದು ತಪ್ಪಲು ಕಾರಣಗಳಿಗೆ ಬರವಿಲ್ಲ. ಮೆಟ್ರೊ ಅಗೆತ, ಹಳೆಯ ಕಟ್ಟಡ ಕೆಡವಿ ಗೋಪುರ ಎಬ್ಬಿಸುವ ಕೆಲಸ, ಸಿಮೆಂಟಿನ ದೂಳು, ಅದರ ಮೇಲೆ ಕಡಲ ತೇವ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಸಾಕು, ದೂಳು ಒಳನುಗ್ಗಿ ತಂತಿಗೆ ಅಂಟುತ್ತದೆ. ಕೊಳೆಯ ಹೊದಿಕೆಯೊಳಗೆ ತಂತಿ ಬೇಗ ತಣಿಯುವುದಿಲ್ಲ. ಬಂದ ಗಾಳಿಗಿಂತ ಕಡಿಮೆ ಲೆಕ್ಕ ಹೋಗುತ್ತದೆ. ಆಗ ಫ್ಲೈಓವರ್ ಏರುವಾಗ ಕಾರು ತಡವರಿಸುತ್ತದೆ, ಪಿಕಪ್ ಸಾಯುತ್ತದೆ.

ಸ್ಕ್ಯಾನರಿನಲ್ಲಿ ‘ಪಿ0101’ ಎಂಬ ದೋಷದ ಕೋಡ್ ಕಂಡ ಕೂಡಲೇ ಸೆನ್ಸರ್ ಬದಲಿಸಿ ಎನ್ನುವ ಗ್ಯಾರೇಜುಗಳಿವೆ. ಇದನ್ನು ನಾನು ಒಪ್ಪುವುದಿಲ್ಲ. ಗಾಳಿಯ ಅಳತೆ ನಿರೀಕ್ಷೆಗೆ ಹೊಂದುತ್ತಿಲ್ಲ ಎಂದಷ್ಟೇ ಆ ಕೋಡ್ ಹೇಳುತ್ತದೆ. ಸೆನ್ಸರಿನಾಚೆಯ ರಬ್ಬರ್ ಕೊಳವೆ ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿರಬಹುದು. ಕನೆಕ್ಟರಿನ ಪಿನ್ನು ತೇವಕ್ಕೆ ಕಿಲುಬು ಹಿಡಿದಿರಬಹುದು. ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಲೀಟರ್ ಸಾಮರ್ಥ್ಯಕ್ಕೆ ಸೆಕೆಂಡಿಗೆ ಹೆಚ್ಚುಕಡಿಮೆ 1 ಗ್ರಾಂ ಗಾಳಿ ತೋರಿಸಬೇಕು, ಆಕ್ಸಿಲರೇಟರ್ ಒತ್ತಿದಂತೆ ಅಂಕಿ ಜಿಗಿಯದೆ ಏರಬೇಕು. ಸೋರಿಕೆಯಿದ್ದರೆ ಕಂಪ್ಯೂಟರಿನ ಇಂಧನ ತಿದ್ದುಪಡಿ ಐಡ್ಲಿಂಗಿನಲ್ಲಿ ಹೆಚ್ಚಿದ್ದು ವೇಗದಲ್ಲಿ ಇಳಿಯುತ್ತದೆ. ಸೆನ್ಸರ್ ಕೊಳಕಾಗಿದ್ದರೆ ಸಾಮಾನ್ಯವಾಗಿ ಭಾರ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ. ಈ ವ್ಯತ್ಯಾಸ ನೋಡಬಲ್ಲವನ ಕೈಗೇ ಕಾರು ಕೊಡಿ.

ಕೊಳೆಯೇ ಕಾರಣವೆಂದಾದರೆ ತೊಳೆಯುವುದು ಕಷ್ಟವಲ್ಲ. ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್ ಬಿಡಿಸಿ, ಸೆನ್ಸರ್ ಹೊರತೆಗೆದು, ಏರ್‌ಫ್ಲೋ ಸೆನ್ಸರಿಗೆಂದೇ ಬರುವ ಕ್ಲೀನರನ್ನು ಸ್ವಲ್ಪ ದೂರದಿಂದ ಸಿಂಪಡಿಸಬೇಕು. ಕಾರ್ಬೊರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್ ಬೇಡ. ಬಟ್ಟೆ, ಹತ್ತಿ, ಬೆರಳು ಯಾವುದೂ ತಂತಿಗೆ ತಾಗಕೂಡದು. ತಾನಾಗಿ ಪೂರ್ತಿ ಒಣಗಿದ ಮೇಲೆ ಜೋಡಿಸಿ, ಕೋಡ್ ಅಳಿಸಿ, ಮತ್ತೆ ಅಂಕಿ ನೋಡಬೇಕು. ಆಗಲೂ ಸುಧಾರಿಸದಿದ್ದರೆ ಹೊಸದು ಕೊಳ್ಳಿ, ಹಳೆಯದರ ಪಾರ್ಟ್ ನಂಬರ್ ಹೊಂದಿಸಿಯೇ.

ಮಳೆಗಾಲದಲ್ಲಿ ಹಿಂದ್‌ಮಾತಾ ಅಥವಾ ಮಿಲನ್ ಸಬ್‌ವೇಯಂಥ ತಗ್ಗು ಜಾಗದಲ್ಲಿ ನಿಂತ ನೀರಿನಲ್ಲಿ ಕಾರು ನಿಂತುಹೋದರೆ ಮಾತ್ರ ಸೆನ್ಸರಿನ ಚಿಂತೆ ಬಿಡಿ. ಫಿಲ್ಟರ್ ಪೆಟ್ಟಿಗೆಗೆ ನೀರು ನುಗ್ಗಿರಬಹುದು. ಸಿಲಿಂಡರಿಗೆ ಇಳಿದ ನೀರು ಪಿಸ್ಟನ್ ಒತ್ತಿದರೂ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ತಿರುಗಿಸಬೇಡಿ, ತಳ್ಳಿ ಹೊರತನ್ನಿ, ಟೋ ವಾಹನ ಕರೆಸಿ.