ಮೇಲಿನ ಚಿಮಣಿಯ ಭಾರ ಯಾರ ಮೇಲೆ?

ಇಂಗ್ಲೆಂಡಿನಲ್ಲಿ ಹಳೇ ಮನೆ ಹುಡುಕಿದವರಿಗೆ ಈ ನೋಟ ಪರಿಚಿತ. ವಿಕ್ಟೋರಿಯಾ ಕಾಲದ ಸಾಲುಮನೆ. ಕೆಳಗಿನ ಹಾಲ್ ವಿಶಾಲ, ಗೋಡೆ ಸಪಾಟು. ಮಹಡಿಗೆ ಹೋದರೆ ಅದೇ ಗೋಡೆಯಿಂದ ಇಟ್ಟಿಗೆಯ ಉಬ್ಬೊಂದು ಕೋಣೆಯೊಳಕ್ಕೆ ಚಾಚಿಕೊಂಡಿದೆ. ಸೂರಿನ ಮೇಲೆ ಚಿಮಣಿಯೂ ಇದೆ. ಹಾಗಾದ್ರೆ ಕೆಳಗಿನ ಭಾಗ ಎಲ್ಲಿ ಹೋಯ್ತು? ಮೇಲಿನದು ಈಗ ಯಾವುದರ ಮೇಲೆ ನಿಂತಿದೆ?

ಈ ಉಬ್ಬಿಗೆ ಚಿಮಣಿ ಬ್ರೆಸ್ಟ್ ಅಂತಾರೆ. ಬೆಂಕಿಗೂಡನ್ನೂ ಹೊಗೆ ಕೊಳವೆಗಳನ್ನೂ ಸುತ್ತುವರಿದು, ಅಡಿಪಾಯದಿಂದ ಸೂರಿನವರೆಗೆ ಕಂಬದ ಹಾಗೆ ಎದ್ದ ಇಟ್ಟಿಗೆ ಕಟ್ಟಡ. 1952ರ ಲಂಡನ್ ಹೊಗೆಮಂಜಿನ ನಂತರ, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಮುಂದೆ ಸೆಂಟ್ರಲ್ ಹೀಟಿಂಗ್ ಬಂದು ಕಲ್ಲಿದ್ದಲ ಒಲೆಗಳು ಆರಿದವು. ಜಾಗ ಬೇಕಾದ ಎಷ್ಟೋ ಜನ ಕೆಳಗಿನ ಭಾಗವನ್ನಷ್ಟೇ ಒಡೆಸಿದರು.

ನಾವು ಜೀವವಿಜ್ಞಾನದವರು, ಆದರೂ ಈ ಲೆಕ್ಕ ಸುಲಭ. ಉಳಿದ ಭಾಗ 1.2 ಮೀಟರ್ ಅಗಲ, 0.35 ಮೀಟರ್ ಚಾಚು, 5 ಮೀಟರ್ ಎತ್ತರ ಅಂದುಕೊಳ್ಳಿ. 2.1 ಘನ ಮೀಟರ್ ಆಯ್ತು. ಕೊಳವೆಯ ಟೊಳ್ಳಿಗೆ ಮೂರನೇ ಒಂದು ಭಾಗ ಕಳೆದರೆ 1.4. ಇಟ್ಟಿಗೆ ಕಟ್ಟಡ ಘನ ಮೀಟರಿಗೆ ಸುಮಾರು 1,900 ಕೆ.ಜಿ. ತೂಗುತ್ತೆ. ಅಂದ್ರೆ ಎರಡೂವರೆ ಟನ್‌ಗೂ ಹೆಚ್ಚು, ಮಲಗುವ ಮಂಚದ ಪಕ್ಕದಲ್ಲೇ!

ಸರಿಯಾಗಿ ಮಾಡಿದ ಕಡೆ ಉಕ್ಕಿನ ತೊಲೆ ಇರುತ್ತೆ, ಎರಡೂ ತುದಿ ಗಟ್ಟಿ ಗೋಡೆಯ ಮೇಲೆ. ಇನ್ನೊಂದು ದಾರಿ ಗ್ಯಾಲೋಸ್ ಬ್ರಾಕೆಟ್. ಶೆಲ್ಫಿಗೆ ಆಸರೆ ಕೊಡುವಂಥ ಉಕ್ಕಿನ ತ್ರಿಕೋನವನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಭಾರ ಬಿದ್ದಾಗ ಅದರ ಕೆಳತುದಿ ಗೋಡೆಯನ್ನು ಒತ್ತುತ್ತೆ, ಮೇಲಿನ ಬೋಲ್ಟ್ ಕಿತ್ತು ಬರಲು ನೋಡುತ್ತೆ. ಅದನ್ನು ಹಿಡಿದಿರುವುದು ನೂರು ವರ್ಷಕ್ಕೂ ಹಳೆಯ ಸುಣ್ಣದ ಗಾರೆಯ ಗೋಡೆ. ಪಕ್ಕದ ಮನೆಯವರೂ ತಮ್ಮ ಕಡೆಯದನ್ನು ಒಡೆಸಿದ್ದರೆ ಆ ಗೋಡೆಗೆ ಬೆನ್ನಾಸರೆಯೂ ಇಲ್ಲ. ಹಲವು ಕೌನ್ಸಿಲ್‌ಗಳು ಈ ಬ್ರಾಕೆಟ್ ಒಪ್ಪಲು ಹಿಂಜರಿಯುವುದು ಇದಕ್ಕೇ. ತೊಲೆಯೂ ಇಲ್ಲದೆ ಬ್ರಾಕೆಟ್ಟೂ ಇಲ್ಲದೆ, ಮರದ ತುಂಡುಗಳ ಮೇಲೆ ಕೂತ ಚಿಮಣಿಗಳೂ ಉಂಟು.

ಪರೀಕ್ಷೆ ಹೇಗೆ? ಕೆಳಗೆ, ಮಹಡಿಯಲ್ಲಿ, ಅಟ್ಟದಲ್ಲಿ, ಹೊರಗೆ, ನಾಲ್ಕೂ ಕಡೆ ಒಂದೇ ಗೋಡೆಯನ್ನು ನೋಡಿ. ಉಬ್ಬಿನ ಸುತ್ತ ಸೀಲಿಂಗಿನಲ್ಲಿ ಬಿರುಕು, ಆ ಕಡೆ ವಾಲಿದ ನೆಲ, ಸರಿಯಾಗಿ ಮುಚ್ಚದ ಬಾಗಿಲು ಇದ್ದರೆ ಬರೆದುಕೊಳ್ಳಿ. ಬಿರುಕಿಲ್ಲ ಅಂತ ನಿರಾಳವಾಗಬೇಡಿ, ಪ್ಲಾಸ್ಟರ್ ಹೋದ ತಿಂಗಳದ್ದೇ ಇರಬಹುದು. (ಅಟ್ಟದಲ್ಲಿ ಬಾವಲಿ ಹಿಕ್ಕೆ ಕಂಡರೆ ಏನನ್ನೂ ಕದಲಿಸಬೇಡಿ. ಬ್ರಿಟನ್ನಿನಲ್ಲಿ ಬಾವಲಿಗೂ ಅದರ ಬೀಡಿಗೂ ಕಾನೂನಿನ ರಕ್ಷಣೆ ಇದೆ.)

ಆಮೇಲೆ ಕಾಗದ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದಕ್ಕೆ ಕಟ್ಟಡ ನಿಯಮಗಳ ಒಪ್ಪಿಗೆ ಬೇಕು, ಮುಗಿದ ಮೇಲೆ ಕಂಪ್ಲೀಶನ್ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಇಲ್ಲದಿದ್ದಾಗ ಮಾರುವವರು ಇಂಡೆಮ್ನಿಟಿ ಪಾಲಿಸಿ ಮುಂದಿಡುವುದುಂಟು. ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ಆ ವಿಮೆ. ತೊಲೆ ಇಲ್ಲದ ಕಡೆ ತೊಲೆ ಹಾಕಿಸುವ ಖರ್ಚಿಗಲ್ಲ. ನಮ್ಮನ್ನು ಕೇಳಿದರೆ, ಸಹಿ ಹಾಕುವ ಮುಂಚೆ ಚಾರ್ಟರ್ಡ್ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ. ಮಾಲೀಕರ ಒಪ್ಪಿಗೆ ಪಡೆದು ಸೀಲಿಂಗಿನಲ್ಲಿ ಸಣ್ಣ ತೂತು ತೆಗೆದರೆ ಒಳಗೇನಿದೆ ಅಂತ ಕಾಣುತ್ತೆ.

ಈಗಾಗಲೇ ಅಂಥ ಮನೆಯಲ್ಲಿದ್ದು, ಬಿರುಕು ಹೊಸದಾಗಿ ಅಗಲವಾಗುತ್ತಿದ್ದರೆ, ಆ ಉಬ್ಬಿನ ಪಕ್ಕದಲ್ಲೂ ಕೆಳಗಿನ ಕೋಣೆಯಲ್ಲೂ ಯಾರೂ ಮಲಗುವುದು ಬೇಡ. ಅವತ್ತೇ ಇಂಜಿನಿಯರಿಗೂ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೂ ಫೋನ್ ಮಾಡಿ.